ರಾಜ್ಯ ದಾಟುವ ಚಾಕು: ಕಾಲ ಕೆಳಗಿನ ನೆಲದ ಕಾನೂನು

ಓದುಗರ ಕಾನೂನು ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ನೆಲೆಸಿರುವ ಮತ್ತು ಅಲ್ಲಿಗೆ ಹೋಗಿಬರುವ ಓದುಗರು ಒಂದೇ ವಿಷಯವನ್ನು ಕುರಿತು ಬರೆದ ಕೆಲವು ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ಮಾನ್ಯರೇ, ನಾನು ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದೇನೆ. ಬೇಸಿಗೆ ರಜೆಯಲ್ಲಿ ಕುಟುಂಬ ಸಮೇತ ಕಾರಿನಲ್ಲಿ ನ್ಯೂಯಾರ್ಕ್‌ವರೆಗೆ ಹೋಗಬೇಕೆಂದಿದ್ದೇವೆ. ದಾರಿಯಲ್ಲಿ ಅಲ್ಲಲ್ಲಿ ಟೆಂಟ್ ಹಾಕಿಕೊಂಡು ತಂಗುವುದರಿಂದ ಮೂರು ಚಾಕುಗಳನ್ನು ಒಯ್ಯುವ ಯೋಚನೆಯಿದೆ. ಒಂದು, ಯಾವಾಗಲೂ ಪ್ಯಾಂಟಿನ ಜೇಬಿಗೆ ಕ್ಲಿಪ್ ಹಾಕಿ ಇಟ್ಟುಕೊಳ್ಳುವ ಮೂರೂವರೆ ಇಂಚಿನ ಮಡಚುವ ಚಾಕು. ಇನ್ನೊಂದು, ಚರ್ಮದ ಒರೆಯಿರುವ ಆರು ಇಂಚು ಅಲಗಿನ ಚಾಕು. ಮೂರನೆಯದು ಗೆಳೆಯರೊಬ್ಬರು ಉಡುಗೊರೆ ಕೊಟ್ಟದ್ದು, ಹಿಡಿಯಲ್ಲಿರುವ ಗುಂಡಿ ಒತ್ತಿದರೆ ಅಲಗು ತಾನಾಗಿಯೇ ಹೊರಬರುತ್ತದೆ. ಮೂರನ್ನೂ ಇಲ್ಲಿ ಕಾನೂನುಬದ್ಧವಾಗಿಯೇ ಕೊಂಡದ್ದು. ದಾರಿಯಲ್ಲಿ ತೊಂದರೆಯಾದೀತೇ?

ಉತ್ತರ: ತೊಂದರೆಯಾಗಬಹುದು. ಅದಕ್ಕೆ ನೀವು ನ್ಯೂಯಾರ್ಕ್ ತಲುಪುವವರೆಗೆ ಕಾಯಬೇಕಾಗಿಯೂ ಇಲ್ಲ. ಪಕ್ಕದ ರಾಜ್ಯದ ಗಡಿ ದಾಟಿದರೆ ಸಾಕು.

ಅರಿಜೋನಾದಲ್ಲಿ ಕೊಂಡದ್ದು ಅರಿಜೋನಾದಲ್ಲಿ ಸರಿ ಎಂಬುದಷ್ಟೇ ಆ ಖರೀದಿಯ ರಸೀದಿಗಿರುವ ಬೆಲೆ. ಚಾಕುಗಳ ವಿಷಯದಲ್ಲಿ ಅಮೆರಿಕದಲ್ಲೇ ಅತ್ಯಂತ ಸಡಿಲವಾದ ಕಾನೂನಿರುವ ರಾಜ್ಯಗಳಲ್ಲಿ ನಿಮ್ಮದೂ ಒಂದು. ರಾಜ್ಯದೊಳಗಿನ ನಗರಗಳು ಚಾಕುಗಳ ಬಗ್ಗೆ ತಮ್ಮದೇ ಬೇರೆ ನಿಯಮಗಳನ್ನು ಮಾಡಿಕೊಳ್ಳದಂತೆ 2010ರಲ್ಲಿ ಮೊದಲು ತಡೆದದ್ದೂ ಅರಿಜೋನಾವೇ. ಅಂಥ ಊರಿನಲ್ಲಿ ವರ್ಷಗಟ್ಟಲೆ ಇದ್ದವರಿಗೆ ಎಲ್ಲ ಕಡೆಯೂ ಹೀಗೆಯೇ ಇರಬಹುದೆಂಬ ಭಾವನೆ ಬರುವುದು ಸಹಜ, ಮತ್ತು ತಪ್ಪು ಆಗುವುದೂ ಅಲ್ಲಿಂದಲೇ. ದೇಶಕ್ಕೆಲ್ಲ ಅನ್ವಯಿಸುವ, ಜನಸಾಮಾನ್ಯರು ಎಂಥ ಚಾಕುವನ್ನು ಹೇಗೆ ಇಟ್ಟುಕೊಳ್ಳಬಹುದೆಂದು ಹೇಳುವ ಒಂದೇ ಕಾನೂನು ಅಮೆರಿಕದಲ್ಲಿಲ್ಲ. ಪ್ರತಿ ರಾಜ್ಯಕ್ಕೂ ಅದರದೇ ಕಾನೂನು. ಎಷ್ಟೋ ರಾಜ್ಯಗಳಲ್ಲಿ ಪ್ರತಿ ನಗರಕ್ಕೂ ಅದರದೇ ನಿಯಮ. ಗಾಡಿಯ ಚಕ್ರ ಯಾವ ನೆಲದ ಮೇಲೆ ನಿಂತಿದೆಯೋ ಆ ನೆಲದ ಕಾನೂನು ನಿಮ್ಮನ್ನು ಆಳುತ್ತದೆ. ಎಲ್ಲಿಂದ ಹೊರಟಿರಿ, ಎಲ್ಲಿಗೆ ಹೊರಟಿದ್ದೀರಿ ಎಂಬುದನ್ನು ಅದು ಕೇಳುವುದಿಲ್ಲ.

ಇಲ್ಲಿ ಹಲವರು ಒಂದು ತಪ್ಪು ತಿಳಿವಳಿಕೆಯನ್ನು ಇಟ್ಟುಕೊಂಡಿದ್ದಾರೆ. ಬಂದೂಕನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯುವವರಿಗೆ 1986ರ ಫೆಡರಲ್, ಅಂದರೆ ಕೇಂದ್ರ ಸರಕಾರದ, ಕಾಯಿದೆಯೊಂದು ರಕ್ಷಣೆ ಕೊಡುತ್ತದೆ: ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ಅದು ಕಾನೂನುಬದ್ಧವಾಗಿದ್ದು, ಗುಂಡು ತುಂಬದೆ, ಕೈಗೆಟುಕದಂತೆ ಇಟ್ಟಿದ್ದರೆ ನಡುವಿನ ರಾಜ್ಯಗಳನ್ನು ಹಾದುಹೋಗಬಹುದು. ಬಂದೂಕಿಗೇ ಈ ಅನುಕೂಲವಿದ್ದ ಮೇಲೆ ಚಾಕುವಿಗೆ ಇರದೇ ಇರುತ್ತದೆಯೇ ಎಂದು ಯೋಚಿಸುವುದು ಸಹಜ. ಆದರೆ ಆ ಕಾಯಿದೆಯಲ್ಲಿ ಚಾಕುವಿನ ಪ್ರಸ್ತಾಪವಿಲ್ಲ. ಚಾಕು ಒಯ್ಯುವವರಿಗೂ ಅದೇ ಬಗೆಯ ರಕ್ಷಣೆ ಕೊಡಬೇಕೆಂಬ ಮಸೂದೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ಒಂದಕ್ಕಿಂತ ಹೆಚ್ಚು ಸಲ ಬಂದಿದೆ. ಮಸೂದೆಯನ್ನು ನಂಬಿಕೊಂಡು ಯಾರೂ ಪ್ರಯಾಣ ಹೊರಡಬಾರದು.

ಈಗ ನಿಮ್ಮ ಮೂರನೆಯ ಚಾಕುವಿನ ಮಾತು, ಏಕೆಂದರೆ ಹೆಚ್ಚಿನ ಅಪಾಯ ಅದರಲ್ಲೇ ಇದೆ. ಗುಂಡಿ ಒತ್ತಿದರೆ ಸ್ಪ್ರಿಂಗಿನ ಬಲದಿಂದ ತೆರೆದುಕೊಳ್ಳುವ ಇಂಥ ಚಾಕುವನ್ನು ಸ್ವಿಚ್‌ಬ್ಲೇಡ್ ಎನ್ನುತ್ತಾರೆ. 1958ರ ಫೆಡರಲ್ ಸ್ವಿಚ್‌ಬ್ಲೇಡ್ ಕಾಯಿದೆಯು ರಾಜ್ಯಗಳ ನಡುವೆ ಇದರ ವ್ಯಾಪಾರ ಮತ್ತು ಸಾಗಣೆಯನ್ನು ನಿಷೇಧಿಸಿತು. ಅದರ ಮುಖ್ಯ ಗುರಿ ವ್ಯಾಪಾರವೇ ಹೊರತು ಸಾಮಾನ್ಯ ಪ್ರಯಾಣಿಕನಲ್ಲ ಎಂಬುದು ನಿಜ. ಆದರೆ ಅದೇ ಕಾಯಿದೆಯ ಇನ್ನೊಂದು ಕಲಮು ಮೂಲನಿವಾಸಿ ಬುಡಕಟ್ಟುಗಳ ಮೀಸಲು ಪ್ರದೇಶಗಳಲ್ಲಿಯೂ ಫೆಡರಲ್ ಸರಕಾರದ ವಿಶೇಷ ಅಧಿಕಾರವ್ಯಾಪ್ತಿಯ ನೆಲದಲ್ಲಿಯೂ ಇಂಥ ಚಾಕುವನ್ನು ಬರಿದೇ ಇಟ್ಟುಕೊಂಡಿರುವುದನ್ನೂ ಅಪರಾಧವೆಂದು ಹೇಳುತ್ತದೆ. ಶಿಕ್ಷೆ 2,000 ಡಾಲರ್‌ವರೆಗೆ ದಂಡ, ಐದು ವರ್ಷಗಳವರೆಗೆ ಸೆರೆವಾಸ, ಅಥವಾ ಎರಡೂ. ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಹೋಗಿ ಅಲ್ಲಿಂದ 40ನೇ ಸಂಖ್ಯೆಯ ಹೆದ್ದಾರಿಯಲ್ಲಿ ಪೂರ್ವಕ್ಕೆ ತಿರುಗುವುದು ರೂಢಿಯ ದಾರಿ. ಆ ಹೆದ್ದಾರಿಯು ಅರಿಜೋನಾದ ಗಡಿಯ ಹತ್ತಿರ ನವಾಹೋ ಜನರ ನೆಲವನ್ನೂ, ನ್ಯೂ ಮೆಕ್ಸಿಕೋದೊಳಗೆ ಅಕೋಮಾ ಮತ್ತು ಲಗೂನಾ ಜನರ ನೆಲವನ್ನೂ ಹಾದುಹೋಗುತ್ತದೆ. ಅದಲ್ಲದೆ ನ್ಯೂ ಮೆಕ್ಸಿಕೋ ರಾಜ್ಯದ ಕಾನೂನು ಕೂಡ ಸ್ವಿಚ್‌ಬ್ಲೇಡ್ ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಅಂದರೆ ಪ್ರಯಾಣದ ಮೊದಲ ದಿನವೇ, ನೀವು ಯಾರಿಗೂ ಯಾವ ಕೇಡನ್ನೂ ಬಗೆಯದಿದ್ದರೂ, ಉಡುಗೊರೆಯ ಆ ಚಾಕು ನಿಮ್ಮನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಬಹುದು. ಅದನ್ನು ಮನೆಯಲ್ಲೇ ಬಿಟ್ಟು ಹೊರಡಿ. ಈ ಒಂದು ಸಲಹೆಯಲ್ಲಿ ನಾನು ‘ಆದರೆ’ ಎಂಬ ಮಾತನ್ನು ಸೇರಿಸುವುದಿಲ್ಲ.

ಸ್ವಲ್ಪ ಅಲಗನ್ನು ಬೆರಳಿನಿಂದ ಸರಿಸಿದ ಮೇಲೆ ಉಳಿದದ್ದನ್ನು ಸ್ಪ್ರಿಂಗ್ ಎಳೆದುಕೊಳ್ಳುವ ಚಾಕುಗಳು ಬೇರೆ. 2009ರ ತಿದ್ದುಪಡಿಯು ಅವುಗಳನ್ನು ಫೆಡರಲ್ ಕಾಯಿದೆಯಿಂದ ಹೊರಗಿಟ್ಟಿದೆ. ಹಲವರು ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ ಹೇಳಿದೆ.

ಆರು ಇಂಚಿನ ಒರೆಯ ಚಾಕುವಿನ ವಿಷಯದಲ್ಲಿ ರಾಜ್ಯಗಳು ಎಷ್ಟು ಬೇರೆ ಬೇರೆಯಾಗಿ ಯೋಚಿಸುತ್ತವೆ ನೋಡಿ. ನೀವು ಹಾದುಹೋಗುವ ಟೆಕ್ಸಸ್‌ನಲ್ಲಿ 2017ರ ಸೆಪ್ಟೆಂಬರ್‌ನಿಂದ ವಯಸ್ಕರು ಎಷ್ಟು ಉದ್ದದ ಚಾಕುವನ್ನಾದರೂ ಒಯ್ಯಬಹುದು, ಆದರೆ ಅಲಗು ಐದೂವರೆ ಇಂಚಿಗಿಂತ ಉದ್ದವಿದ್ದರೆ ಶಾಲೆ, ಆಸ್ಪತ್ರೆ, ಬಾರ್, ಪ್ರಾರ್ಥನಾ ಮಂದಿರ, ಮನರಂಜನಾ ಉದ್ಯಾನಗಳಂಥ ಕಡೆಗೆ ತೆಗೆದುಕೊಂಡು ಹೋಗುವಂತಿಲ್ಲ. ನಿಮ್ಮ ದಾರಿಯಲ್ಲಿಲ್ಲದಿದ್ದರೂ ಕ್ಯಾಲಿಫೋರ್ನಿಯಾವನ್ನು ಹೋಲಿಕೆಗೆ ಹೇಳುತ್ತೇನೆ. ಅಲ್ಲಿ ಮಡಚದ, ಇರಿಯಲು ಬರುವಂಥ ಚಾಕುವನ್ನು ಅಂಗಿಯ ಅಡಿ ಮುಚ್ಚಿಟ್ಟುಕೊಳ್ಳುವುದು ಅಪರಾಧ. ಸೊಂಟದಲ್ಲಿ ಒರೆಯೊಳಗೆ ಎಲ್ಲರಿಗೂ ಕಾಣುವಂತೆ ತೂಗುಹಾಕಿಕೊಂಡರೆ ರಾಜ್ಯದ ಕಾನೂನು ಅದನ್ನು ಮುಚ್ಚಿಟ್ಟದ್ದೆಂದು ಎಣಿಸುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ ಇದಕ್ಕೆ ತದ್ವಿರುದ್ಧ. ನಾಲ್ಕು ಇಂಚು ಅಥವಾ ಅದಕ್ಕಿಂತ ಉದ್ದದ ಅಲಗಿರುವ ಚಾಕುವನ್ನು ಸಾರ್ವಜನಿಕ ಸ್ಥಳದಲ್ಲಿ ಮೈಮೇಲೆ ಇಟ್ಟುಕೊಳ್ಳುವಂತೆಯೇ ಇಲ್ಲ, ಮತ್ತು ಯಾವ ಉದ್ದದ ಚಾಕುವೇ ಆಗಲಿ ಹೊರಗೆ ಕಾಣುವಂತೆ ಧರಿಸುವಂತಿಲ್ಲ. ಒಂದು ಕಡೆ ಪ್ರಾಮಾಣಿಕತೆಯ ಗುರುತಾದದ್ದು ಇನ್ನೊಂದು ಕಡೆ ತಪ್ಪಿನ ಗುರುತು.

ಇದರಿಂದ ನಿಮ್ಮ ಜೇಬಿನ ಮೂರೂವರೆ ಇಂಚಿನ ಚಾಕುವಿಗೂ ಒಂದು ಎಚ್ಚರಿಕೆಯಿದೆ. ಉದ್ದದ ದೃಷ್ಟಿಯಿಂದ ಅದು ನ್ಯೂಯಾರ್ಕ್ ನಗರದ ಮಿತಿಯೊಳಗೇ ಇದೆ. ಆದರೆ ಜೇಬಿನ ಅಂಚಿನ ಮೇಲೆ ಹೊಳೆಯುವ ಆ ಬೆರಳಗಲದ ಲೋಹದ ಕ್ಲಿಪ್ ಇದೆಯಲ್ಲ, ಅದು ಕಂಡಿತೆಂಬ ಒಂದೇ ಕಾರಣಕ್ಕೆ ಪೊಲೀಸರು ಜನರನ್ನು ತಡೆದು ನಿಲ್ಲಿಸಿದ ಪ್ರಕರಣಗಳು ಆ ನಗರದಲ್ಲಿ ವರ್ಷಗಟ್ಟಲೆ ನಡೆದಿವೆ. ತಡೆದ ಅಧಿಕಾರಿ ಚಾಕುವನ್ನು ಕೈಗೆ ತೆಗೆದುಕೊಂಡು ಮಣಿಕಟ್ಟನ್ನು ಒಮ್ಮೆ ಜೋರಾಗಿ ಝಾಡಿಸುತ್ತಿದ್ದರು. ಆ ರಭಸಕ್ಕೆ ಅಲಗು ತೆರೆದು ಗಟ್ಟಿಯಾಗಿ ನಿಂತರೆ ಅದು ‘ಗ್ರ್ಯಾವಿಟಿ ನೈಫ್’, ಅಂದರೆ ನಿಷೇಧಿತ ಆಯುಧ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಹಿರಂಗವಾಗಿ ಮಾರುತ್ತಿದ್ದ ಚಾಕುವನ್ನು ಕೆಲಸಕ್ಕೆಂದು ಕೊಂಡ ಬಡಗಿಗಳು, ಗೋದಾಮಿನ ಕೆಲಸಗಾರರು, ರಂಗಮಂಚ ಕಟ್ಟುವವರು ಹೀಗೆ ಸಿಕ್ಕಿಕೊಂಡರು. ಇದು ದೊಡ್ಡ ಅನ್ಯಾಯವಾಗಿತ್ತೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. 2019ರ ಮೇ 30ರಂದು ಆ ನಿಷೇಧವು ನ್ಯೂಯಾರ್ಕ್ ರಾಜ್ಯದ ಕಾನೂನಿನಿಂದ ತೆಗೆದುಹೋಯಿತು. ಆದರೆ ನಗರದ ನಾಲ್ಕು ಇಂಚಿನ ಮಿತಿ ಮತ್ತು ಕಾಣಬಾರದೆಂಬ ನಿಯಮ ಉಳಿದಿವೆ, ಮೆಟ್ರೋ ರೈಲಿನ ಆಡಳಿತಕ್ಕೆ ಆಯುಧಗಳ ಬಗ್ಗೆ ಅದರದೇ ಪ್ರತ್ಯೇಕ ನಿಯಮವಿದೆ. ನಗರ ಸುತ್ತುವ ದಿನ ಚಾಕುವನ್ನು ತಂಗುವ ಕೋಣೆಯಲ್ಲೇ ಬಿಡಿ. ಲಿಬರ್ಟಿ ಪ್ರತಿಮೆ ನೋಡಲು ಹೋದರೆ ದೋಣಿ ಹತ್ತುವ ಮೊದಲೇ ತಪಾಸಣೆಯಿದೆ. ಅಲ್ಲಿ ಜೇಬಿನ ಸಣ್ಣ ಚಾಕುವಿಗೂ ಪ್ರವೇಶವಿಲ್ಲ.

ಪೆನ್ಸಿಲ್ವೇನಿಯಾ ದಾಟುವಾಗ ಫಿಲಡೆಲ್ಫಿಯಾದಲ್ಲಿ ಇಳಿಯುವ ಯೋಚನೆಯಿದ್ದರೆ ಅಲ್ಲಿಗೂ ಇದೇ ಮಾತು. ರಾಜ್ಯವು ಸ್ವಿಚ್‌ಬ್ಲೇಡ್ ಮೇಲಿನ ತನ್ನ ನಿಷೇಧವನ್ನು 2023ರಿಂದ ಕೈಬಿಟ್ಟಿದ್ದರೂ, ಆ ನಗರದ ಹಳೆಯ ನಿಯಮವು ಕಸುಬಿನ ಬಳಕೆಯನ್ನು ಬಿಟ್ಟರೆ ಬೀದಿಯಲ್ಲಿ ಕತ್ತರಿಸುವ ಆಯುಧ ಇಟ್ಟುಕೊಳ್ಳುವುದನ್ನೇ ತಡೆಯುತ್ತದೆ. ಷಿಕಾಗೋದಲ್ಲಿ ಎರಡೂವರೆ ಇಂಚಿಗಿಂತ ಉದ್ದದ್ದನ್ನು ಮುಚ್ಚಿಟ್ಟುಕೊಳ್ಳುವಂತಿಲ್ಲ. ಅಂಚೆ ಕಚೇರಿಯೂ ಸೇರಿ ಫೆಡರಲ್ ಸರಕಾರದ ಕಟ್ಟಡಗಳಿಗೆ ಅನ್ವಯಿಸುವ ಕಾಯಿದೆಯಲ್ಲಿ ಎರಡೂವರೆ ಇಂಚಿಗಿಂತ ಚಿಕ್ಕ ಅಲಗಿನ ಜೇಬು ಚಾಕುವನ್ನು ಮಾತ್ರ ಅಪಾಯಕಾರಿ ಆಯುಧದ ವ್ಯಾಖ್ಯೆಯಿಂದ ಬಿಟ್ಟಿದ್ದಾರೆ. ನಿಮ್ಮದು ಆ ವಿನಾಯಿತಿಗೆ ಒಂದು ಇಂಚು ಹೆಚ್ಚು.

ಇನ್ನು, ನೀವು ಕೇಳದಿದ್ದರೂ ನಾನು ಹೇಳಲೇಬೇಕಾದದ್ದು ನಿಮ್ಮ ವೀಸಾದ ವಿಷಯ. ನ್ಯೂಯಾರ್ಕ್ ದಂಡ ಸಂಹಿತೆಯ 265.01ನೇ ಕಲಮಿನಲ್ಲಿ, ಅಮೆರಿಕದ ಪೌರನಲ್ಲದವನು ‘ಅಪಾಯಕಾರಿ ಅಥವಾ ಮಾರಕ ಆಯುಧ’ವನ್ನು ಹೊಂದಿರುವುದೇ ಅಪರಾಧವೆಂಬ ಉಪಕಲಮು ಇದೆ. ಪೌರನಿಗೆ ಇಲ್ಲದ ಹೊಣೆ ಇಲ್ಲಿ ಪೌರನಲ್ಲದವನ ಮೇಲಿದೆ, ಮತ್ತು ಗ್ರೀನ್ ಕಾರ್ಡ್ ಇದ್ದವರೂ ಪೌರರಲ್ಲ ಎಂಬುದನ್ನು ಮರೆಯಬಾರದು. ಹಣ್ಣು ಕತ್ತರಿಸುವ ಚಾಕು ಮಾರಕ ಆಯುಧವಲ್ಲ ಎಂದು ವಕೀಲರು ವಾದಿಸಬಹುದು, ಗೆಲ್ಲಲೂಬಹುದು. ಆದರೆ ವೀಸಾದ ಅರ್ಜಿಯಲ್ಲಿರುವ ಪ್ರಶ್ನೆ ನೀವು ಗೆದ್ದಿರೋ ಸೋತಿರೋ ಎಂಬುದಲ್ಲ, ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ ಎಂಬುದು. ಗ್ರೀನ್ ಕಾರ್ಡಿನ ಅರ್ಜಿಯೂ ಪೌರತ್ವದ ಅರ್ಜಿಯೂ ಅದನ್ನೇ ಕೇಳುತ್ತವೆ. ಪ್ರಕರಣ ವಜಾ ಆದ ಮೇಲೂ ಹೌದು ಎಂದೇ ಬರೆದು, ನ್ಯಾಯಾಲಯದ ಕಾಗದಗಳನ್ನು ಜೊತೆಗಿಡಬೇಕಾಗುತ್ತದೆ. ಸಣ್ಣ ತಪ್ಪೊಪ್ಪಿಗೆಯಿಂದ ಪ್ರಕರಣ ಮುಗಿಸುವ ಅವಕಾಶ ಬಂದರೂ ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳದೆ ಯಾವುದಕ್ಕೂ ಸಹಿ ಹಾಕಬೇಡಿ.

ಒಯ್ಯಲೇಬೇಕಾದ ಎರಡು ಚಾಕುಗಳನ್ನು ಹೇಗೆ ಒಯ್ಯಬೇಕೆಂದರೆ, ಎರಡನ್ನೂ ಟೆಂಟು, ಒಲೆ, ಪಾತ್ರೆಗಳ ಜೊತೆಗೆ ಒಂದು ಪೆಟ್ಟಿಗೆಯಲ್ಲಿ ಹಾಕಿ, ಪೆಟ್ಟಿಗೆಗೆ ಬೀಗ ಹಾಕಿ, ಕಾರಿನ ಡಿಕ್ಕಿಯಲ್ಲಿಡಿ. ಆಸನದ ಕೆಳಗೆ, ಬಾಗಿಲಿನ ಜೇಬಿನಲ್ಲಿ, ಕೈಗೆ ಸಿಗುವ ಡಬ್ಬಿಯಲ್ಲಿ ಬೇಡ. ಕೈಗೆಟುಕುವಂತೆ ಮರೆಯಲ್ಲಿಟ್ಟದ್ದನ್ನು ಮೈಮೇಲೆ ಮುಚ್ಚಿಟ್ಟದ್ದಕ್ಕೆ ಸಮವೆಂದು ಎಣಿಸುವ ರಾಜ್ಯಗಳಿವೆ. ಸೌದೆ, ತರಕಾರಿ, ಹಗ್ಗಗಳ ನಡುವೆ ಇರುವ ಚಾಕು ತಾನೇ ತನ್ನ ಕೆಲಸವನ್ನು ಹೇಳುತ್ತದೆ. ಇದು ಎಲ್ಲ ಕಡೆಯೂ ಕಾಯುವ ಕವಚವಲ್ಲ, ಆದರೆ ನಿಮ್ಮ ಉದ್ದೇಶಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯೂ ಇಲ್ಲ.

ಪ್ರಶ್ನೆ: ನಮ್ಮ ಮಗಳು ನ್ಯೂಜೆರ್ಸಿಯಲ್ಲಿ ಓದುತ್ತಿದ್ದಾಳೆ. ಗ್ರಂಥಾಲಯದಿಂದ ರಾತ್ರಿ ತಡವಾಗಿ ನಡೆದು ಬರಬೇಕಾಗುತ್ತದೆ. ಈ ಮೊದಲು ಬೇರೆ ರಾಜ್ಯದಲ್ಲಿದ್ದಾಗ ಕೊಂಡ ಚಿಕ್ಕ ಚಾಕುವನ್ನು ರಕ್ಷಣೆಗೆಂದು ಚೀಲದಲ್ಲಿ ಇಟ್ಟುಕೊಳ್ಳಲು ಹೇಳಿದ್ದೇನೆ. ಸರಿಯೇ?

ಉತ್ತರ: ತಾಯಿಯಾಗಿ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಆದ್ದರಿಂದಲೇ ಸ್ಪಷ್ಟವಾಗಿ ಹೇಳುತ್ತೇನೆ: ಆ ಸಲಹೆಯನ್ನು ಇವತ್ತೇ ಹಿಂತೆಗೆದುಕೊಳ್ಳಿ. ನ್ಯೂಜೆರ್ಸಿಯ ಕಾನೂನು ಅಲಗಿನ ಉದ್ದಕ್ಕಿಂತ ಸಂದರ್ಭವನ್ನು ನೋಡುತ್ತದೆ. ಆಯುಧವಾಗಬಲ್ಲ ಯಾವುದೇ ವಸ್ತುವನ್ನು, ಅದರ ನ್ಯಾಯಸಮ್ಮತ ಬಳಕೆಗೆ ಸ್ಪಷ್ಟವಾಗಿ ಹೊಂದದ ಸನ್ನಿವೇಶದಲ್ಲಿ ಇಟ್ಟುಕೊಂಡಿರುವುದು ಅಲ್ಲಿ ಅಪರಾಧ. ಹದಿನೆಂಟು ತಿಂಗಳವರೆಗೆ ಶಿಕ್ಷೆಯಾಗಬಹುದು.

1990ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಪ್ರಕರಣವೊಂದನ್ನು ನಾನು ಎಷ್ಟು ಸಲ ಓದಿದರೂ ಮನಸ್ಸು ಭಾರವಾಗುತ್ತದೆ. ಮಾಜಿ ಸಂಗಾತಿಯ ಹೊಡೆತಗಳಿಗೆ ಹೆದರಿದ್ದ ಹೆಂಗಸೊಬ್ಬಳು ರತ್ನಗಂಬಳಿ ಕತ್ತರಿಸುವ ಚಾಕುವನ್ನು ತನ್ನ ರಕ್ಷಣೆಗೆಂದು ಜೊತೆಗಿಟ್ಟುಕೊಂಡಿದ್ದಳು, ಮತ್ತು ಎದುರಾದಾಗ ಅದನ್ನು ಬಳಸಿದಳು. ಎಂದಾದರೂ ದಾಳಿಯಾದೀತೆಂದು ಮುಂಚಿನಿಂದಲೇ ಆಯುಧವನ್ನು ಹೊತ್ತು ತಿರುಗುವುದಕ್ಕೆ ಆತ್ಮರಕ್ಷಣೆಯ ಕಾರಣವು ಈ ಕಲಮಿನಡಿ ಸಮರ್ಥನೆಯಾಗದು ಎಂದು ನ್ಯಾಯಾಲಯ ಹೇಳಿತು; ಶಿಕ್ಷೆ ಉಳಿಯಿತು. ನಿಮ್ಮ ಮಗಳನ್ನು ಪೊಲೀಸರು ಕೇಳಿದರೆ ಅವಳು ಸತ್ಯವನ್ನೇ ಹೇಳುವ ಹುಡುಗಿಯಾಗಿದ್ದರೆ, ‘ರಕ್ಷಣೆಗೆ ಇಟ್ಟುಕೊಂಡಿದ್ದೇನೆ’ ಎನ್ನುತ್ತಾಳೆ. ಆ ಸತ್ಯವೇ ಅವಳ ವಿರುದ್ಧದ ಸಾಕ್ಷ್ಯವಾಗುತ್ತದೆ.

ಅದರ ಬದಲು, ಹದಿನೆಂಟು ದಾಟಿದವರು ಮುಕ್ಕಾಲು ಔನ್ಸಿಗೆ ಮೀರದ ರಾಸಾಯನಿಕವಿರುವ ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲು ನ್ಯೂಜೆರ್ಸಿಯ ಕಾನೂನೇ ಅನುಮತಿ ಕೊಟ್ಟಿದೆ. ಅದನ್ನು ಕೊಳ್ಳುವ ಮೊದಲು ವಿಶ್ವವಿದ್ಯಾಲಯದ ಆವರಣದ ನಿಯಮವನ್ನು ಒಮ್ಮೆ ಕೇಳಿಕೊಳ್ಳಲಿ. ರಾತ್ರಿ ವಿದ್ಯಾರ್ಥಿಗಳನ್ನು ಮನೆಯವರೆಗೆ ಬಿಟ್ಟುಬರುವ ವ್ಯವಸ್ಥೆ ಅಲ್ಲಿದೆಯೇ ಎಂಬುದನ್ನೂ ವಿಚಾರಿಸಲಿ.

ಪ್ರಶ್ನೆ: ಅಮೆರಿಕದೊಳಗೆ ವಿಮಾನ, ರೈಲು, ಬಸ್ಸುಗಳಲ್ಲಿ ಸಣ್ಣ ಜೇಬು ಚಾಕುವನ್ನು ಒಯ್ಯಬಹುದೇ? ತಪಾಸಣೆಯಲ್ಲಿ ಸಿಕ್ಕಿದರೆ ಏನು ಮಾಡಬೇಕು?

ಉತ್ತರ: ವಿಮಾನದಲ್ಲಿ ಕೈಚೀಲದೊಳಗೆ ಬೇಡವೇ ಬೇಡ, ಮೊಂಡಾದ ಬೆಣ್ಣೆ ಚಾಕು ಮತ್ತು ಪ್ಲಾಸ್ಟಿಕ್ ಚಾಕುಗಳಿಗಷ್ಟೇ ವಿನಾಯಿತಿ. 2001ರ ಸೆಪ್ಟೆಂಬರ್ ದಾಳಿಗೆ ಮೊದಲು ನಾಲ್ಕು ಇಂಚಿಗಿಂತ ಚಿಕ್ಕ ಅಲಗನ್ನು ಬಿಡುತ್ತಿದ್ದರು, ಹಾಗಾಗಿ ಹಳಬರಲ್ಲಿ ಕೆಲವರಿಗೆ ಇನ್ನೂ ಆ ನೆನಪಿದೆ. 2013ರಲ್ಲಿ 2.36 ಇಂಚು, ಅಂದರೆ ಆರು ಸೆಂಟಿಮೀಟರಿನವರೆಗಿನ ಮಡಚುವ ಚಾಕುಗಳನ್ನು ಬಿಡುವ ಪ್ರಸ್ತಾವವನ್ನು ವಿಮಾನ ಭದ್ರತಾ ಇಲಾಖೆಯೇ ಮುಂದಿಟ್ಟಿತು. ಗಗನಸಖಿಯರ ಸಂಘಗಳು ಬಲವಾಗಿ ವಿರೋಧಿಸಿದ್ದರಿಂದ ಜೂನ್ ತಿಂಗಳಲ್ಲಿ ಅದನ್ನು ಕೈಬಿಟ್ಟಿತು.

ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಇಡಬಹುದು. ಆಗ ಅಲಗನ್ನು ಒರೆಯೊಳಗಿಡಬೇಕು, ಇಲ್ಲವೇ ದಪ್ಪಗೆ ಸುತ್ತಬೇಕು, ಏಕೆಂದರೆ ಆ ಪೆಟ್ಟಿಗೆಯನ್ನು ತೆರೆದು ನೋಡುವ ಕೆಲಸಗಾರರ ಕೈ ಕೊಯ್ಯಬಾರದು. ಆದರೆ ವಿಮಾನದವರು ಒಪ್ಪಿದರೆಂದ ಮಾತ್ರಕ್ಕೆ ಇಳಿದ ಊರೂ ಒಪ್ಪಿದಂತಲ್ಲ. ಸಾಮಾನು ಕೈಗೆ ಬಂದ ಕ್ಷಣದಿಂದ ನೀವು ಆ ರಾಜ್ಯದ ಕಾನೂನಿನ ಅಡಿಯಲ್ಲಿದ್ದೀರಿ. ನಡುದಾರಿಯಲ್ಲಿ ವಿಮಾನ ತಪ್ಪಿ, ಸಾಮಾನನ್ನು ಪಡೆದು, ಎಣಿಸದ ಊರಿನಲ್ಲಿ ಒಂದು ರಾತ್ರಿ ಉಳಿಯಬೇಕಾಗಿ ಬಂದರೂ ಇದೇ ಮಾತು. ಆ್ಯಮ್‌ಟ್ರ್ಯಾಕ್ ರೈಲು ಮತ್ತು ಗ್ರೇಹೌಂಡ್ ಬಸ್ಸುಗಳ ನಿಯಮಾವಳಿಗಳು ಚಾಕುಗಳನ್ನು ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಸೇರಿಸಿವೆ. ಟಿಕೆಟ್ ಕೊಳ್ಳುವ ದಿನ ಆ ಪಟ್ಟಿಯನ್ನು ಓದಿ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮರೆತ ಚಾಕು ಸಿಕ್ಕಿದರೆ ವಾದಕ್ಕಿಳಿಯಬೇಡಿ. ಸಾಮಾನ್ಯ ಜೇಬು ಚಾಕುವಾಗಿದ್ದರೆ ಹಿಂದಕ್ಕೆ ಹೋಗಿ ಸಾಮಾನಿನ ಪೆಟ್ಟಿಗೆಗೆ ಸೇರಿಸಲು, ಬೀಳ್ಕೊಡಲು ಬಂದವರ ಕೈಗೆ ಕೊಡಲು, ಇಲ್ಲವೇ ಅಲ್ಲಿಯೇ ಬಿಟ್ಟುಹೋಗಲು ಸಾಧಾರಣವಾಗಿ ಅವಕಾಶ ಕೊಡುತ್ತಾರೆ. ಅಂಚೆಯಲ್ಲಿ ಮನೆಗೆ ಕಳುಹಿಸುವ ಸೌಲಭ್ಯ ಕೆಲವು ನಿಲ್ದಾಣಗಳಲ್ಲಿದೆ. ಸಾಧಾರಣ ಚಾಕುವನ್ನು ಅಲಗು ಹೊರಬಾರದಂತೆ ಕಟ್ಟಿ ಅಂಚೆಗೆ ಹಾಕಬಹುದು. ಸ್ವಿಚ್‌ಬ್ಲೇಡನ್ನು ಮಾತ್ರ, ಕಾನೂನು ಹೆಸರಿಸಿದ ಕೆಲವು ಸರಕಾರಿ ಮತ್ತು ಸೇನಾ ಅಧಿಕಾರಿಗಳಿಗೆ ಕಳುಹಿಸುವುದನ್ನು ಬಿಟ್ಟರೆ, ಅಮೆರಿಕದ ಅಂಚೆಯಲ್ಲಿ ಕಳುಹಿಸುವುದೇ ಅಪರಾಧ.